ಚಾಮರಾಜಪುರಂನಿಂದ ಮಲ್ಪೆಗೆ: ಒಂದು ಜೊತೆ ಪಾದರಕ್ಷೆ

ಮೈಸೂರಿನ ಚಾಮರಾಜಪುರಂನಲ್ಲಿ ಬಾಳುವೆ ಮಾಡುವವರಿಗೆ ನೀರೆಂದೊಡನೆ ಮೊದಲು ನೆನಪಾಗುವುದು ಕಪಿಲೆ. ನಮ್ಮ ಬಡಾವಣೆಯ ಪುಟ್ಟ ರೈಲು ನಿಲ್ದಾಣದಲ್ಲಿ ಗಾಡಿ ಹತ್ತಿದರೆ ಅಶೋಕಪುರಂ, ಕಡಕೊಳಗಳನ್ನು ದಾಟಿ ನಂಜನಗೂಡು ಬಂದೇಬಿಡುತ್ತದೆ. ಅಲ್ಲಿಯ ಸ್ನಾನಘಟ್ಟದ ಮೇಲ್ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು, ಪಾಚಿಗೆ ಜಾರದಂತೆ ಒಬ್ಬರ ಕೈಯನ್ನೊಬ್ಬರು ಹಿಡಿದು ನೀರಿಗಿಳಿಯುವುದು ನಮ್ಮ ಮನೆಯಲ್ಲಿ ಮೂರು ತಲೆಮಾರಿನ ರೂಢಿ. ನೀರಿಗಿಳಿಯುವಾಗ ಕಾಲು ಬರಿದಾಗಿರಬೇಕೆಂಬುದು ನಮ್ಮ ಮಾವನವರ ಪಾಲಿಗೆ ನಿಯಮವಲ್ಲ, ಸ್ವಭಾವ.

ಆ ಸ್ವಭಾವವನ್ನು ಅವರು 2018ರ ಡಿಸೆಂಬರಿನಲ್ಲಿ ಮಲ್ಪೆಗೂ ಕೊಂಡೊಯ್ದರು. ಆಗ ಅವರಿಗೆ ಎಪ್ಪತ್ತೆರಡು ವರ್ಷ. ಸಕ್ಕರೆ ಕಾಯಿಲೆಗೆ ಹದಿನೈದು ವರ್ಷ. ಮಕ್ಕಳಿಗೆ ರಜೆ ದೊರೆತಿತ್ತು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಮೂಲಕ ಮಡಿಕೇರಿ ಸೇರಿ, ಸಂಪಾಜೆ ಘಾಟಿಯನ್ನಿಳಿದು ಮಂಗಳೂರು, ಅಲ್ಲಿಂದ ಉಡುಪಿ. ಆ ವರ್ಷದ ಆಗಸ್ಟಿನ ಮಳೆಯಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಘಾಟಿಯ ರಸ್ತೆಯೇ ಕೊಚ್ಚಿಹೋಗಿದ್ದುದು ಓದುಗರಿಗೆ ನೆನಪಿರಬಹುದು. ನಾವು ಹೋದಾಗ ದಾರಿ ತೆರೆದಿತ್ತಾದರೂ ಗುಡ್ಡದ ಮೈಮೇಲೆ ಕೆಮ್ಮಣ್ಣಿನ ಗಾಯಗಳು ಹಾಗೆಯೇ ಇದ್ದವು. ಮಾವನವರು ಕಿಟಕಿಯಿಂದ ಅವನ್ನೇ ನೋಡುತ್ತ ಸುಳ್ಯದವರೆಗೂ ಮಾತನಾಡಲಿಲ್ಲ.

ಮಲ್ಪೆಯ ಮರಳು ಮೆತ್ತಗಿದೆ. ಅಲ್ಲಿ ಬರಿಗಾಲಿನ ನಡಿಗೆಯ ಸುಖಕ್ಕೆ ಸಾಟಿಯಿಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ತೊಡಕಾದುದು ಮರುದಿನ, ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದಾಗ. ತೀರದಿಂದ ಕೆಲವೇ ಕಿಲೋಮೀಟರು ದೂರವಿರುವ ಈ ದ್ವೀಪದಲ್ಲಿ ಮರಳಿಗಿಂತ ಕಲ್ಲು ಮತ್ತು ಕಪ್ಪೆಚಿಪ್ಪುಗಳದೇ ರಾಜ್ಯ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ನೆಲದೊಳಗಿನಿಂದ ಉಕ್ಕಿದ ಲಾವಾರಸ ತಣ್ಣಗಾಗುತ್ತ ಬಿರಿದು ಕಂಬಗಳಾಗಿ ನಿಂತಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆರು ಮೂಲೆಯ, ಐದು ಮೂಲೆಯ ಕಂಬಗಳು, ಬಡಗಿ ಅಳತೆಯಿಟ್ಟು ಕಡಿದಂತೆ, ಒಂದಕ್ಕೊಂದು ಒತ್ತಿ ನಿಂತಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿಮಾತೆಯ ಹೆಸರಿಟ್ಟನೆಂಬ ಪ್ರತೀತಿಯೂ ಉಂಟು.

ನೋಡಲು ಅಷ್ಟು ಚೆಲುವಾದ ಕಲ್ಲು ಕಾಲಿಗೆ ಅಷ್ಟೇ ಕ್ರೂರಿ. ಮುರಿದ ಅಂಚುಗಳು ಹರಿತ. ಅಲೆ ಬಡಿಯುವಷ್ಟು ಎತ್ತರದವರೆಗೂ ಚಿಪ್ಪುಜೀವಿಗಳು ಕಲ್ಲಿಗಂಟಿ ಒಣಗಿ ಗರಗಸದ ಹಲ್ಲಿನಂತಿರುತ್ತವೆ. ಅದರ ಕೆಳಗೆ ಹಸಿರು ಪಾಚಿ. ಕಪ್ಪುಕಲ್ಲು ಹತ್ತು ಗಂಟೆಗೇ ಕಾದ ಹಂಚಾಗುತ್ತದೆ. ಮಾವನವರು ಚರ್ಮದ ಚಪ್ಪಲಿಯನ್ನು ಕಳಚಿ ನಮ್ಮ ಕೈಗಿತ್ತು ಮೊಣಕಾಲುದ್ದ ನೀರಿನಲ್ಲಿ ಅರ್ಧ ಗಂಟೆ ನಡೆದಾಡಿದರು. ಮೊಮ್ಮಗಳಿಗೆ ಚಿಪ್ಪು ಹೆಕ್ಕಿ ತೋರಿಸಿ, ಮತ್ತೆ ನೀರಿಗೇ ಬಿಟ್ಟರು. ಅಷ್ಟು ನಗುನಗುತ್ತಿದ್ದುದನ್ನು ನಾವು ಬಹುಕಾಲದಿಂದ ಕಂಡಿರಲಿಲ್ಲ.

ರಾತ್ರಿ ಉಡುಪಿಯ ವಸತಿಗೃಹದಲ್ಲಿ ಹಾಸಿಗೆಯ ಬಿಳಿ ಹೊದಿಕೆಯ ಮೇಲೆ ಕಂದುಬಣ್ಣದ ಕಲೆಯನ್ನು ಮೊದಲು ಕಂಡವರು ಅತ್ತೆಯವರು. ಎಡಗಾಲಿನ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಎರಡು ಅಂಗುಲದ ಸೀಳು! ಒಳಗೆ ಚಿಪ್ಪಿನ ಚೂರೊಂದು ಹಾಗೆಯೇ ಇತ್ತು. ಅದು ಯಾವಾಗ ಆಯಿತೆಂದು ಮಾವನವರಿಗೆ ತಿಳಿದೇ ಇರಲಿಲ್ಲ. ನೋವಾಗಿರಲಿಲ್ಲ. ಆ ಗಾಯ ಮಾಯಲು ಏಳು ವಾರ ಹಿಡಿಯಿತು. ಮೈಸೂರಿಗೆ ಹಿಂದಿರುಗಿ ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಿದೆವು. ಮೂರನೆಯ ವಾರ ಗಾಯದಂಚು ಕಪ್ಪಾದಾಗ ಮನೆಯಲ್ಲಿ ಯಾರೂ ಬೆರಳಿನ ಮಾತನ್ನು ಬಾಯಿಬಿಟ್ಟು ಆಡಲಿಲ್ಲ. ಆದರೆ ಎಲ್ಲರೂ ಅದನ್ನೇ ಯೋಚಿಸುತ್ತಿದ್ದೆವು. ಬೆರಳು ಉಳಿಯಿತು.

ಸಕ್ಕರೆ ಕಾಯಿಲೆ ಬಹುಕಾಲವಿದ್ದವರ ಪಾದದ ನರಗಳು ಮೆಲ್ಲಮೆಲ್ಲನೆ ಸ್ಪರ್ಶವನ್ನು ಕಳೆದುಕೊಳ್ಳುತ್ತವೆಂದೂ, ರಕ್ತಸಂಚಾರ ತಗ್ಗುವುದರಿಂದ ಗಾಯ ಬೇಗ ಮಾಯುವುದಿಲ್ಲವೆಂದೂ ವೈದ್ಯರು ವಿವರಿಸಿದರು. ಜೊತೆಗೆ ಬೆಚ್ಚಗಿನ ಕಡಲನೀರಿನಲ್ಲಿ ವಿಬ್ರಿಯೊ ಎಂಬ ಜಾತಿಯ ಬ್ಯಾಕ್ಟೀರಿಯಾಗಳಿರುತ್ತವೆ. ತೆರೆದ ಗಾಯದಿಂದ ಅವು ಒಳಹೊಕ್ಕರೆ ಮಧುಮೇಹಿಗಳಿಗೂ ಯಕೃತ್ತಿನ ಕಾಯಿಲೆಯವರಿಗೂ ಅಪಾಯ ಹೆಚ್ಚು. ಕಾಲಿನಲ್ಲಿ ಆಗಲೇ ಗಾಯವಿದ್ದರೆ ಪಾದರಕ್ಷೆ ಇದ್ದರೂ ಕಡಲಿಗೆ ಇಳಿಯಲೇಬಾರದಂತೆ.

ಮತ್ತೆ ಕಡಲು ನೋಡಬೇಕೆಂದು ಮಾವನವರೇ ಕೇಳಿದ್ದು 2023ರ ಕೊನೆಯಲ್ಲಿ. ನಡುವೆ ಕೊರೋನಾ ಬಂದು ಹೋಗಿತ್ತು. ಅವರ ಜೊತೆಯ ಇಬ್ಬರು ಗೆಳೆಯರು ತೀರಿಕೊಂಡಿದ್ದರು. ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ. ನೀರಿನಲ್ಲಿ ತೊಡುವ ಪಾದರಕ್ಷೆ ತರುವುದೆಂದು ತೀರ್ಮಾನವಾಯಿತು. ಅವರು ಮುಖ ಗಂಟಿಕ್ಕಿ, “ಗಂಗೆಗೆ ಕೆರ ಮೆಟ್ಟಿ ಇಳಿಯುವುದೇ?” ಎಂದರು. ಅತ್ತೆಯವರು ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ, “ಹರಳಯ್ಯ ಕಲ್ಯಾಣಮ್ಮನವರು ಮಾಡಿಕೊಟ್ಟ ಪಾದರಕ್ಷೆಯನ್ನು ಬಸವಣ್ಣನವರು ತಲೆಯ ಮೇಲಿಟ್ಟುಕೊಂಡರು. ನಿಮಗೆ ಕಾಲಿಗೆ ಹಾಕಿಕೊಳ್ಳಲು ಸಂಕೋಚವೇ?” ಎಂದರು. ಮಾತು ಅಲ್ಲಿಗೆ ಮುಗಿಯಿತು.

ಮುಗಿಯದಿದ್ದುದು ಆಯ್ಕೆಯ ಕೆಲಸ. ಮೊದಲ ಜೊತೆಯನ್ನು ಮಗಳು ಮೊಬೈಲಿನಲ್ಲಿ ನೋಡಿ ತರಿಸಿದಳು. ನೀಲಿ ಬಣ್ಣ, ಕಾಲುಚೀಲದಷ್ಟು ಹಗುರ, ಮಡಿಸಿದರೆ ಜೇಬಿಗೆ ಹೋಗುವಂಥದು. ಎಲ್ಲರಿಗೂ ಮೆಚ್ಚಿಗೆಯಾಯಿತು. ಆದರೆ ಇದು ಸಾಕೇ ಎಂದು ತಿಳಿಯುವುದು ಹೇಗೆ? ಹಾಕಿಕೊಂಡವರನ್ನು ಕೇಳೋಣವೆಂದರೆ ಅವರ ಪಾದಕ್ಕೆ ಸ್ಪರ್ಶವೇ ಇಲ್ಲ. “ಚೆನ್ನಾಗಿದೆ” ಎಂದೇ ಹೇಳುತ್ತಾರೆ. ಆಗ ನಮಗೊಂದು ಉಪಾಯ ಹೊಳೆಯಿತು. ಪಕ್ಕದ ಮನೆ ಕಟ್ಟಲು ತಂದು ಸುರಿದಿದ್ದ ಜಲ್ಲಿಕಲ್ಲಿನ ರಾಶಿಯ ಬಳಿಗೆ ಹೋಗಿ, ಪಾದರಕ್ಷೆಯೊಳಗೆ ನಮ್ಮ ಅಂಗೈಯನ್ನು ತೂರಿಸಿ, ಮೈಭಾರ ಬಿಟ್ಟು ಕಲ್ಲಿನ ಮೇಲೆ ಒತ್ತಿದೆವು. ಒಂದೊಂದು ಕಲ್ಲಿನ ಮೊನೆಯೂ ಅಂಗೈಗೆ ಚುಚ್ಚಿತು. ನೀಲಿ ಜೊತೆ ಮಗಳ ಪಾಲಾಯಿತು; ಈಜುಕೊಳಕ್ಕೆ ಅದು ಧಾರಾಳವಾಗಿ ಸಾಕು.

ಅಂದಿನಿಂದ ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆಗಳ ಅಂಗಡಿಗಳಿಗೆ ಸಂಜೆಯ ಹೊತ್ತೇ ಹೋದೆವು. ದಿನವಿಡೀ ನಡೆದ ಕಾಲು ಸಂಜೆಗೆ ಕೊಂಚ ಊದಿರುತ್ತದೆ. ಬೆಳಿಗ್ಗೆ ಸರಿಹೋದದ್ದು ಆಗ ಬಿಗಿಯಾಗುತ್ತದೆ. ಮನೆಯಲ್ಲೇ ಮಾವನವರನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲಿನಿಂದ ಗೆರೆಯೆಳೆದು ಕತ್ತರಿಸಿಕೊಂಡಿದ್ದೆವು. ಆ ಕಾಗದದ ಪಾದ ಮಡಿಕೆ ಬೀಳದೆ ಪಾದರಕ್ಷೆಯೊಳಗೆ ಕುಳಿತರೆ ಮಾತ್ರ ಮುಂದಿನ ಮಾತು. ಅಂಗಡಿಯ ಹುಡುಗರು ಮುಸಿಮುಸಿ ನಕ್ಕರು. ನಗಲಿ. ನೀರಿನ ಪಾದರಕ್ಷೆಯನ್ನು ಬಿಗಿಯಾಗಿಯೇ ಕೊಳ್ಳಿರೆಂದು ಸಾಮಾನ್ಯವಾಗಿ ಹೇಳುತ್ತಾರೆ, ನೆನೆದಾಗ ಬಟ್ಟೆ ಸಡಿಲವಾಗುತ್ತದೆಂಬುದೂ ನಿಜ. ಆದರೆ ಸ್ಪರ್ಶವಿಲ್ಲದ ಪಾದಕ್ಕೆ ಬಿಗಿಯೂ ಗಾಯವೇ. ಆದ್ದರಿಂದ ಬೆರಳಿಗೆ ಎಡೆಯಿರಲಿ, ಹಿಮ್ಮಡಿ ಮಾತ್ರ ಅಲುಗದಿರಲಿ, ಮೇಲೆ ಪಟ್ಟಿಯಿಂದ ಬಿಗಿ ಹೊಂದಿಸುವಂತಿರಲಿ ಎಂದು ನಿಶ್ಚಯಿಸಿದೆವು. ಪಟ್ಟಿಯಿಲ್ಲದೆ ಕಾಲು ತೂರಿಸುವ ಬಗೆಯದನ್ನು ಅಲೆ ಎಳೆದೊಯ್ಯುತ್ತದೆ. ಹವಾಯಿ ಚಪ್ಪಲಿಯ ಪಾಡಂತೂ ಕಡಲಿಗೆ ಹೋದವರೆಲ್ಲರಿಗೂ ಗೊತ್ತು.

ಮೈಬಟ್ಟೆಯ ವಿಚಾರದಲ್ಲಿ ಅಂಗಡಿಯವರು ನಿಯೋಪ್ರೀನಿನ ಗುಣಗಾನ ಮಾಡಿದರು. 1930ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರೂಪುಗೊಂಡ ಕೃತಕ ರಬ್ಬರು ಇದು. ನೊರೆಯಂತೆ ಉಬ್ಬಿಸಿ ಹಾಳೆ ಮಾಡಿದರೆ ಮುಳುಗುಗಾರರ ಉಡುಪಾಗುತ್ತದೆ. ಅದರ ಹೆಚ್ಚುಗಾರಿಕೆ ಮೈಯನ್ನು ಬೆಚ್ಚಗಿಡುವುದು. ಶೀತದೇಶದ ಕಡಲಿಗೆ ಅದು ಬೇಕು. ನಮ್ಮ ಕರಾವಳಿಯ ಬಿಸಿಲಿಗೆ ಬೇಕಾದದ್ದು ನೀರು ಬೇಗ ಹೊರಹೋಗಿ ಬೇಗ ಒಣಗುವ ಜಾಲರಿ ಬಟ್ಟೆ. ಹಾಗೆಂದು ಜಾಲರಿಯ ಕಣ್ಣು ದೊಡ್ಡದಿದ್ದರೆ ಮರಳು ನುಗ್ಗಿ ಚರ್ಮವನ್ನು ಉಜ್ಜುಕಾಗದದಂತೆ ತೇಯುತ್ತದೆ. ಒಂದು ಚೊಂಬು ನೀರು ಸುರಿದು ಎತ್ತಿ ಹಿಡಿದೆವು. ಹತ್ತು ಎಣಿಸುವುದರೊಳಗೆ ಬಸಿದುಹೋಗದಿದ್ದುದನ್ನು ಹಿಂದಿರುಗಿಸಿದೆವು. ಬೆರಳಿನ ಮುಂದೆ ಗಟ್ಟಿ ರಬ್ಬರಿನ ಕಟ್ಟು ಇರುವುದನ್ನೇ ಆರಿಸಿದೆವು, ಏಕೆಂದರೆ ಕಲ್ಲಿಗೆ ಎಡವುವುದು ಹೆಬ್ಬೆರಳೇ. ಒಳಹೊಲಿಗೆಯನ್ನು ಕಣ್ಣಿನಿಂದಲ್ಲ, ಬೆರಳಾಡಿಸಿ ನೋಡಬೇಕು.

ಅಟ್ಟೆಯ ವಿಷಯದಲ್ಲಿ ಒಂದು ಸ್ವಾರಸ್ಯದ ಕಥೆಯಿದೆ. 1935ರಲ್ಲಿ ಪಾಲ್ ಸ್ಪೆರಿ ಎಂಬ ಅಮೆರಿಕದ ಹಾಯಿದೋಣಿಗ ತನ್ನ ನಾಯಿ ಮಂಜಿನ ಮೇಲೆ ಜಾರದೆ ಓಡುವುದನ್ನು ಕಂಡು, ಅದರ ಅಂಗಾಲಿನ ಸೀಳುಗಳನ್ನು ಗಮನಿಸಿ, ರಬ್ಬರಿನ ಅಟ್ಟೆಯಲ್ಲಿ ಹಾಗೆಯೇ ಸಣ್ಣ ಸಣ್ಣ ಗೀರುಗಳನ್ನು ಕೊಯ್ದು ದೋಣಿಯಲ್ಲಿ ಮೆಟ್ಟುವ ಪಾದರಕ್ಷೆ ಮಾಡಿದನಂತೆ. ಹೆಜ್ಜೆಯಿಟ್ಟಾಗ ಗೀರುಗಳು ಬಾಯಿ ತೆರೆದು ನೀರನ್ನು ಪಕ್ಕಕ್ಕೆ ಸರಿಸುತ್ತವೆ, ರಬ್ಬರು ನೆಲವನ್ನು ಕಚ್ಚುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಅಟ್ಟೆ ಎಷ್ಟೇ ಚಿತ್ತಾರ ಹೊತ್ತಿದ್ದರೂ ಈ ಕೆಲಸ ಮಾಡದು. ಇದರ ಪರೀಕ್ಷೆಗೆ ನಾವು ಕಡಲವರೆಗೆ ಕಾಯಲಿಲ್ಲ. ನಮ್ಮ ಹಿತ್ತಲಿನಲ್ಲಿ ಬಟ್ಟೆಯೊಗೆಯುವ ಹಳೆಯ ಕಲ್ಲಿದೆ. ಅದರ ಬುಡದಲ್ಲಿ ವರ್ಷವಿಡೀ ಪಾಚಿ. ನಮ್ಮ ಮನೆಯವರು ಗೋಡೆ ಹಿಡಿದು ಅದರ ಮೇಲೆ ಒಂದೊಂದೇ ಜೊತೆ ಮೆಟ್ಟಿ ನಿಂತರು. ಇಬ್ಬರ ಕಾಲಿನ ಅಳತೆ ಒಂದೇ ಆದುದು ಅನುಕೂಲವಾಯಿತು. ಎರಡು ಜೊತೆ ಜಾರಿದವು. ಮೂರನೆಯದು ನಿಂತಿತು. ಬೆಲೆ 1,400 ರೂಪಾಯಿ, ಕಿತ್ತಳೆ ಬಣ್ಣ. ಬಣ್ಣಕ್ಕೆ ಮಾವನವರ ಆಕ್ಷೇಪವಿತ್ತು. ನೀರಿನೊಳಗೆ ಹೆಜ್ಜೆ ಎಲ್ಲಿ ಬೀಳುತ್ತಿದೆಯೆಂದು ಕಣ್ಣಿಗಾದರೂ ಕಾಣಲಿ ಎಂದೆವು.

ಅತ್ತೆಯವರ ಕಾಲಿಗೆ ಹೊಂದುವುದು ಮಾತ್ರ ಊರೆಲ್ಲ ಹುಡುಕಿದರೂ ದೊರೆಯಲಿಲ್ಲ. ಸೀರೆಯುಡುವ ಅರವತ್ತೆಂಟರ ಹೆಂಗಸು ಕಡಲಿಗಿಳಿಯುತ್ತಾಳೆಂದು ಈ ಪಾದರಕ್ಷೆ ಮಾಡುವವರು ಯಾರೂ ಊಹಿಸಿದಂತಿಲ್ಲ. ಕೊನೆಗೆ ಹುಡುಗರ ವಿಭಾಗದಲ್ಲಿ, ಬದಿಯಲ್ಲಿ ಶಾರ್ಕ್ ಮೀನಿನ ಚಿತ್ರವಿದ್ದ ಜೊತೆಯೊಂದು ಸರಿಹೋಯಿತು. ಅದನ್ನು ಅವರು ಬಲು ಅಭಿಮಾನದಿಂದ ಮೆಟ್ಟುತ್ತಾರೆ.

ಹೊಸದನ್ನು ನೇರವಾಗಿ ಪ್ರವಾಸಕ್ಕೆ ಒಯ್ಯಲಿಲ್ಲ. ಹತ್ತು ದಿನ ಸಂಜೆ ಅರ್ಧ ಗಂಟೆ, ಒದ್ದೆ ಮಾಡಿಕೊಂಡೇ, ಅಂಗಳದಲ್ಲಿ ನಡೆಸಿದೆವು. ಪ್ರತಿಸಲವೂ ಕಳಚಿದ ಮೇಲೆ ಕನ್ನಡಿ ಹಿಡಿದು ಅಂಗಾಲು ನೋಡಿದೆವು. ಕಿರುಬೆರಳ ಬಳಿ ಕೆಂಪಾದಾಗ ಪಟ್ಟಿಯನ್ನು ಒಂದು ಬೆರಳಷ್ಟು ಸಡಿಲಿಸಿದೆವು. ಈ ಸುದ್ದಿ ನಮ್ಮ ಬೀದಿಯಲ್ಲಿ ಹಬ್ಬಿ, ಮುಂಬಯಿಯಿಂದ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೊರಟಿದ್ದ ನೆರೆಮನೆಯ ದಂಪತಿಗಳು ಸಲಹೆ ಕೇಳಲು ಬಂದರು. ಹಡಗಿನ ಒದ್ದೆ ಹಲಗೆಯ ಮೇಲೂ, ದ್ವೀಪದಲ್ಲಿ ದೋಣಿಯಿಂದಿಳಿಯುವಾಗಲೂ ಇದೇ ಪಾದರಕ್ಷೆ ನಡೆಯುತ್ತದೆಂದೆವು. ಆದರೆ ಕಾಲು ಗಟ್ಟಿಯಾಯಿತೆಂದು ಹವಳದ ಮೇಲೆ ಹೆಜ್ಜೆಯಿಡಬಾರದು. ಅದು ಕಲ್ಲಲ್ಲ, ಜೀವ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಅದಕ್ಕಿದೆ.

2024ರ ಜನವರಿಯಲ್ಲಿ ಮತ್ತೆ ಅದೇ ದ್ವೀಪ. ಮಳೆಗಾಲದಲ್ಲಿ ಅಲ್ಲಿಗೆ ದೋಣಿಗಳು ಹೋಗುವುದಿಲ್ಲವಾದ್ದರಿಂದ ಜನವರಿ ಒಳ್ಳೆಯ ಸಮಯ. ದೋಣಿಯ ಹುಡುಗ ಮಾವನವರ ಕಿತ್ತಳೆ ಕಾಲುಗಳನ್ನು ನೋಡಿ, “ಹಿರಿಯರು ಬುದ್ಧಿವಂತರು, ಇಲ್ಲಿ ದಿನಕ್ಕೆ ನಾಲ್ಕು ಜನ ಕಾಲು ಕುಯ್ದುಕೊಳ್ಳುತ್ತಾರೆ” ಎಂದ. ಎಚ್ಚರಿಕೆಯ ಹಗ್ಗ ಕಟ್ಟಿದ ಆಚೆಗೆ ನಾವು ಯಾರೂ ಹೋಗಲಿಲ್ಲ. ಅಲೆಯ ಸೆಳೆತಕ್ಕೆ ಯಾವ ಪಾದರಕ್ಷೆಯೂ ಉತ್ತರವಲ್ಲ. ಅವರು ಮೊಮ್ಮಗಳ ಭುಜ ಹಿಡಿದು ಕಂಬಗಳ ಬುಡದವರೆಗೆ ನಡೆದು, ಕಲ್ಲಿನ ಮೂಲೆಗಳನ್ನು ಕೈಯಿಂದ ಮುಟ್ಟಿ ಎಣಿಸಿದರು. ಆರು, ಆರು, ಐದು, ಮತ್ತೆ ಆರು. ನೀರಿಗಿಳಿಯುವ ಮುನ್ನ ಬಾಗಿ, ಬೊಗಸೆಯಲ್ಲಿ ಕಡಲನೀರು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು, ಆಮೇಲೆ ಹೆಜ್ಜೆಯಿಟ್ಟರು. ರಾತ್ರಿ ಅತ್ತೆಯವರು ದೀಪದ ಬೆಳಕಿಗೆ ಎರಡೂ ಅಂಗಾಲುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ.

ಉಪ್ಪುನೀರು ಅಂಟನ್ನೂ ಹೊಲಿಗೆಯನ್ನೂ ತಿನ್ನುವುದರಿಂದ ಸಿಹಿನೀರಿನಲ್ಲಿ ಜಾಲಾಡಿಸಿ ನೆರಳಿನಲ್ಲಿ ಒಣಗಿಸಬೇಕು. ಚಾಮರಾಜಪುರಂಗೆ ಹಿಂದಿರುಗಿದ ಮರುಬೆಳಿಗ್ಗೆ ಹಿತ್ತಲಿಗೆ ಹೋದರೆ, ಮಾವನವರು ಆ ಒಗೆಯುವ ಕಲ್ಲಿನ ಬಳಿ ಕುಳಿತು ತಮ್ಮ ಜೊತೆಯನ್ನೂ ಶಾರ್ಕ್ ಮೀನಿನ ಜೊತೆಯನ್ನೂ ತಾವೇ ತೊಳೆಯುತ್ತಿದ್ದರು. ಬೋರಲು ಹಾಕಿ ತಟ್ಟಿದಾಗ ಮಲ್ಪೆಯ ಮರಳು ಒಂದು ಹಿಡಿಯಷ್ಟು ಉದುರಿತು. ಅದನ್ನು ಚೆಲ್ಲದೆ ತುಳಸಿಯ ಕುಂಡಕ್ಕೆ ಹಾಕಲು ಹೋದವರನ್ನು, ಉಪ್ಪಿಗೆ ಗಿಡ ಸತ್ತೀತೆಂದು ಅತ್ತೆಯವರು ಅಡಿಗೆಮನೆಯಿಂದಲೇ ಕೂಗಿ ತಡೆದರು.