ಪಾದವೇ ಕುಂಚವಾದಾಗ

ಮಗಳ ಬಾಣಂತನದ ನಿಮಿತ್ತ ನಾವು ದಂಪತಿಗಳು ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೆ ಹೋಗಿದ್ದೆವು. ಮನೆಯಾಕೆಗೆ ಕೂಸಿನ ಆರೈಕೆಯಲ್ಲಿ ಹೊತ್ತು ಸರಿಯುತ್ತಿತ್ತು. ನನಗೋ ಕಿಟಕಿಯೇ ಗತಿ. ಪರಿಚಯದ ಮುಖವಿಲ್ಲ, ಆಡಲು ಮಾತಿಲ್ಲ. ಮೂರನೆಯ ವಾರಕ್ಕೇ ಊರಿಗೆ ಮರಳುವ ಪ್ರಸ್ತಾಪ ಮಾಡಿದೆನು.

“ಅಪ್ಪಾ, ಒಂದು ವಾರ ಡೌನ್ಸ್ ಮ್ಯಾಲೆ ಅಡ್ಡಾಡಿ ಬರ್ರಿ. ಆಮ್ಯಾಲೆ ಹೋಗೂ ಮಾತು ತಗೀರಿ” ಎಂದಳು ಮಗಳು.

ಡೌನ್ಸ್ ಎಂಬುದು ಆ ನಗರದ ಎತ್ತರದಲ್ಲಿ ಹಬ್ಬಿರುವ ವಿಶಾಲವಾದ ಹುಲ್ಲುಬಯಲು. 1861ರ ಕಾಯಿದೆಯೊಂದು ಅದನ್ನು ಜನರ ವಿಹಾರಕ್ಕಾಗಿ ಉಳಿಸಿಕೊಟ್ಟಿತು. ಅದರ ಒಂದು ಅಂಚಿಗೆ ಸುಣ್ಣಗಲ್ಲಿನ ಕಡಿದಾದ ಬಂಡೆ. ಕೆಳಗೆ ಆಳದಲ್ಲಿ ಏವನ್ ನದಿ. ದೂರದಲ್ಲಿ 1864ರಲ್ಲಿ ಸಂಚಾರಕ್ಕೆ ತೆರೆದ ಕ್ಲಿಫ್ಟನ್ ತೂಗುಸೇತುವೆ. ಸಮುದ್ರದ ಉಬ್ಬರ ಈ ನದಿಯೊಳಕ್ಕೂ ನುಗ್ಗುತ್ತದೆ. ಇಳಿತದಲ್ಲಿ ನೀರು ಸರಿದು, ದಡದ ಕೆಸರು ಹೊಳೆಯುತ್ತದೆ.

ಹುಲ್ಲಿನ ನಡುವೆ ಜನ ನಡೆನಡೆದು ಸವೆದ ಕಾಲುಹಾದಿಗಳು ಕಂಡವು. 2015ರಲ್ಲಿ ಅಂತಹದೇ ಒಂದು ಹಾದಿಯಗುಂಟ ರಿಚರ್ಡ್ ಲಾಂಗ್ ಎಂಬ ಕಲಾವಿದರು ಬಿಳಿಯ ಸುಣ್ಣಗಲ್ಲುಗಳನ್ನು ಜೋಡಿಸಿ, ‘ಬಾಲ್ಯದ ರೇಖೆ’ ಎಂಬರ್ಥದ ಹೆಸರಿಟ್ಟಿದ್ದರೆಂದು ಮಗಳು ತಂದುಕೊಟ್ಟ ಪುಸ್ತಕದಿಂದ ತಿಳಿಯಿತು. 1945ರಲ್ಲಿ ಇದೇ ಊರಿನಲ್ಲಿ ಜನಿಸಿದ ಅವರು ಈ ಬಯಲಿನಲ್ಲಿಯೇ ಆಡಿ ಬೆಳೆದವರು.

1967ರಲ್ಲಿ, ಲಂಡನ್ನಿನಲ್ಲಿ ಕಲಾ ವಿದ್ಯಾರ್ಥಿಯಾಗಿದ್ದಾಗ, ಅವರು ರೈಲು ಹತ್ತಿ ಹೊರಟು, ಊರಾಚೆಯ ಹುಲ್ಲುಗಾವಲೊಂದರಲ್ಲಿ ಒಂದೇ ನೇರಕ್ಕೆ ಹಿಂದಕ್ಕೂ ಮುಂದಕ್ಕೂ ನಡೆದರು. ಹುಲ್ಲು ಬಾಗಿ ಗೆರೆ ಮೂಡಿತು. ಅದರ ಛಾಯಾಚಿತ್ರ ತೆಗೆದು ಮರಳಿದರು. ಅಷ್ಟೇ! ಬಣ್ಣವಿಲ್ಲ, ಉಳಿಯಿಲ್ಲ, ಪಾದವೇ ಕುಂಚ. ಆ ನಡಿಗೆಯ ಗೆರೆ ಇಂದು ಕಲಾಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಮುಂದೆ ಅವರು ಏವನ್ನಿನ ಕೆಸರನ್ನೇ ಕೈಯಾರೆ ಗೋಡೆಗಳಿಗೆ ಬಳಿದು ಚಿತ್ರಿಸಿದರು; 1989ರಲ್ಲಿ ಟರ್ನರ್ ಪ್ರಶಸ್ತಿ ಪಡೆದರು. ಅವರ ಸಮಕಾಲೀನರಾದ ಹೇಮಿಶ್ ಫುಲ್ಟನ್ 1973ರಲ್ಲಿ ಸ್ಕಾಟ್ಲೆಂಡಿನ ಉತ್ತರದ ತುದಿಯಿಂದ ಇಂಗ್ಲೆಂಡಿನ ನೈರುತ್ಯ ತುದಿಯವರೆಗೆ 47 ದಿನ ನಡೆದು, ಇನ್ನು ಮೇಲೆ ನಡಿಗೆಯ ಅನುಭವದಿಂದಲ್ಲದೆ ಕಲೆ ರಚಿಸೆನೆಂದು ನಿರ್ಧರಿಸಿದರು.

ಮೊದಲು ನನಗೆ ನಗು ಬಂದಿತು. ನಡೆಯುವುದೂ ಒಂದು ಕಲೆಯೇ? ಹಾಗಾದರೆ ಹೊಲದ ಬದುವಿನ ಮೇಲೆ ಜೀವಮಾನವಿಡೀ ನಡೆದ ನಮ್ಮ ತಂದೆಯವರು ಎಂತಹ ಕಲಾವಿದರು! ಹಾಗೆ ನಕ್ಕವನೇ ಮರುಕ್ಷಣ ಮೌನವಾದೆನು. ಅವರು ಹೊಲವನ್ನು ಅರಿತದ್ದು ಕಾಗದಪತ್ರದಿಂದಲ್ಲ, ಕಾಲಿನಿಂದ. ಚರವಾದುದನ್ನು ಜಂಗಮವೆಂದು ಗೌರವಿಸುವ ನಮಗೆ ಇದು ಹೊಸ ಮಾತಾಗಬಾರದಿತ್ತು.

ಅಂದಿನಿಂದ ದಿನವೂ ಒಂದೇ ಹಾದಿಯಲ್ಲಿ ನಡೆದೆನು. ನೀರು ಯಾವ ಹೊತ್ತಿಗೆ ಏರುವುದು, ಯಾವ ಮರದಡಿ ಗಾಳಿ ತಡೆಯುವುದು ಎಂಬುದು ತಿಳಿಯತೊಡಗಿತು. ನಾಯಿಯೊಡನೆ ಬರುವ ವೃದ್ಧರೊಬ್ಬರು ಕೈಯೆತ್ತಿ ವಂದಿಸತೊಡಗಿದರು. ಊರಿಗೆ ಮರಳುವ ಮಾತು ನನ್ನ ಬಾಯಿಂದ ಮತ್ತೆ ಬರಲಿಲ್ಲ.

ಹೊರಡುವ ಹಿಂದಿನ ದಿನ ಮೊಮ್ಮಗಳನ್ನು ಎದೆಗವಚಿಕೊಂಡು ಆ ಹಾದಿಯಲ್ಲಿ ಒಮ್ಮೆ ನಡೆದೆನು. ಜನ ನಡೆಯುವುದನ್ನು ಬಿಟ್ಟರೆ ಹುಲ್ಲು ಅದನ್ನು ಮುಚ್ಚಿಬಿಡುತ್ತದೆ. ಆ ಹಾದಿಯನ್ನು ಮಾಡಿದವನು ನಾನಲ್ಲ. ಆದರೆ ಅಳಿಯದಂತೆ ಕಾಯ್ದವರಲ್ಲಿ ನಾನೂ ಒಬ್ಬ.

ಮಕ್ಕಳ ಮನೆಗೆಂದು ದೂರದೇಶಕ್ಕೆ ಹೋಗುವ ಹಿರಿಯರು ಕಿಟಕಿಯ ಬಳಿ ಕೂರದೆ ಹೊರಗೆ ನಾಲ್ಕು ಹೆಜ್ಜೆ ನಡೆಯಲಿ. ನೆಲ ಯಾರದೇ ಇರಲಿ, ನಡೆದವರಿಗೆ ಅದು ಒಲಿಯುತ್ತದೆ.