ಮೂಡಣ ಗೋಡೆಯ ಹಸಿರುಮನೆ

ಕಾಗದನಗರದ ನಮ್ಮ ಮನೆಯ ಮೂಡಣ ಗೋಡೆಗೆ ತಾಗಿದಂತೆ ಎಂಟಡಿ ಅಗಲ, ಹನ್ನೆರಡಡಿ ಉದ್ದದ ಚಿಕ್ಕ ಹಸಿರುಮನೆಯೊಂದನ್ನು ಎರಡು ವರ್ಷಗಳ ಹಿಂದೆ ಕಟ್ಟಿಸಿದೆನು. ನೋಡಬಂದ ಬಂಧುಗಳಲ್ಲಿ ಹೆಚ್ಚಿನವರು ಮೊದಲು ಕೇಳುವುದು ಖರ್ಚು ಎಷ್ಟಾಯಿತೆಂದು. ವ್ಯಾಪಾರಸ್ಥರ ಸಮಾಜದಲ್ಲಿ ಅದು ಸಹಜವೇ. ಆದರೆ ನಮ್ಮ ಬಸದಿಯ ಟ್ರಸ್ಟಿನ ಹಿರಿಯರೊಬ್ಬರು ಬೇರೊಂದು ಪ್ರಶ್ನೆ ಕೇಳಿದರು: "ಗಿಡಗಳನ್ನು ಮುಚ್ಚಿ ಬೆಳೆಸಿದರೆ ಹುಳು ಬಿದ್ದೇ ಬೀಳುತ್ತದೆ. ಆಗ ಔಷಧಿ ಹೊಡೆಯುತ್ತೀರೋ, ಬೆಳೆ ಬಿಡುತ್ತೀರೋ?" ಬಸದಿಯ ಹಿತ್ತಲಲ್ಲಿಯೂ ಪೂಜೆಯ ಹೂವಿಗಾಗಿ ಇಂಥದೊಂದನ್ನು ಕಟ್ಟುವ ಮಾತು ಟ್ರಸ್ಟಿನಲ್ಲಿ ನಡೆದಿದೆ. ಆದುದರಿಂದ ನನ್ನ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಹಿಂಸೆಯನ್ನು ನಮ್ಮ ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ವಾಚಕರಿಗೆ ತಿಳಿದೇ ಇದೆ. ಮಣ್ಣು ಅಗೆಯುವಾಗ, ನೀರು ಹನಿಸುವಾಗ ಆಗುವ ಆರಂಭೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತಪ್ಪಿಸಲಾರನು. ಹರಿವೆಯ ಸೊಪ್ಪೂ ಏಕೇಂದ್ರಿಯ ಜೀವವೇ ಸರಿ. ಆದರೆ ಗಿಡಹೇನಿನ ಮೇಲೆ ಪಿಚಕಾರಿ ಹಿಡಿಯುವುದು ಸಂಕಲ್ಪಪೂರ್ವಕವಾದ ಕೊಲೆ. ಬೇವಿನೆಣ್ಣೆ ಸಾವಯವವಾದುದರಿಂದ ದೋಷವಿಲ್ಲವೆಂದು ಕೆಲವರು ವಾದಿಸುತ್ತಾರೆ. ಎಣ್ಣೆ ಎಲ್ಲಿಂದ ಬಂದಿತೆಂಬುದು ಸಾಯುವ ಹುಳುವಿಗೆ ಸಂಬಂಧಿಸಿದ ವಿಷಯವಲ್ಲ. ನನ್ನ ಅಭಿಪ್ರಾಯದಲ್ಲಿ ಪಿಚಕಾರಿ ಹಿಡಿಯಬೇಕಾಗುವುದೋ ಇಲ್ಲವೋ ಎಂಬುದು ಬೀಜ ಬಿತ್ತುವುದಕ್ಕೆ ಮೊದಲೇ, ಕಟ್ಟಡದ ನಕ್ಷೆಯಲ್ಲಿಯೇ ಬಹುಮಟ್ಟಿಗೆ ನಿಶ್ಚಯವಾಗಿಬಿಡುತ್ತದೆ.

ಮೊದಲು ದಿಕ್ಕಿನ ವಿಚಾರ. ಮಗನು ಬೆಂಗಳೂರಿನಿಂದ ತಂದ ಇಂಗ್ಲಿಷ್ ಪುಸ್ತಕದಲ್ಲಿ ಹಸಿರುಮನೆಯನ್ನು ದಕ್ಷಿಣದ ಗೋಡೆಗೆ ಆನಿಸಿ ಗಾಜಿನಿಂದ ಮುಚ್ಚಬೇಕೆಂದಿತ್ತು. ಅದು ಚಳಿಯ ದೇಶದ ಮಾತು. ಅಲ್ಲಿ ಬಿಸಿಲನ್ನು ಕೂಡಿಡಬೇಕು. ನಮ್ಮೂರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಿನ ಸೂರ್ಯನು ನೆತ್ತಿಗಿಂತ ಉತ್ತರಕ್ಕೇ ಸರಿದಿರುತ್ತಾನೆ. ನಮಗೆ ಬೇಕಾದುದು ಮಳೆಯಿಂದ ರಕ್ಷಣೆ, ಬೇಸಗೆಯಲ್ಲಿ ಗಾಳಿ. ಪಡುವಣ ಗೋಡೆಯಾದರೆ ಮುಂಗಾರಿನ ಇರಚಲೂ ಮಧ್ಯಾಹ್ನದ ಉರಿಯೂ ಎರಡೂ ಅಲ್ಲಿಯೇ ಬಂದು ಬಡಿಯುತ್ತವೆ. ಮೂಡಣದಲ್ಲಿ ಎಳೆಬಿಸಿಲು ಸಿಗುತ್ತದೆ; ಮಧ್ಯಾಹ್ನದ ನಂತರ ಮನೆಯ ನೆರಳೇ ಗಿಡಗಳನ್ನು ಕಾಯುತ್ತದೆ. ಉಸಿರುಗಟ್ಟಿ ಬಳಲಿದ ಗಿಡಕ್ಕೆ ಮೊದಲು ಹುಳು ಬೀಳುವುದೆಂಬುದು ತೋಟ ಮಾಡಿದವರೆಲ್ಲರ ಅನುಭವ. ಆದುದರಿಂದ ದಿಕ್ಕಿನ ಆಯ್ಕೆಯೂ ಜೀವದಯೆಯ ಭಾಗವೇ ಆಯಿತು.

ಗಾಜನ್ನು ಬಿಡಲು ಇನ್ನೊಂದು ಕಾರಣವಿತ್ತು. ಗಾಜಿನಲ್ಲಿ ಆಕಾಶದ ಪ್ರತಿಬಿಂಬ ಕಂಡು ಹಕ್ಕಿಗಳು ಬಡಿದುಕೊಂಡು ಸಾಯುತ್ತವೆ. ಹಾಗೆಂದು ಗಾಜಿನಮನೆಯ ಸೊಬಗನ್ನು ಅಲ್ಲಗಳೆಯುತ್ತಿಲ್ಲ. ಲಂಡನ್ನಿನಲ್ಲಿ 1851ರಲ್ಲಿ ನಿಂತ ಕ್ರಿಸ್ಟಲ್ ಪ್ಯಾಲೆಸ್ಸಿನ ಮಾದರಿಯಲ್ಲಿ ಲಾಲ್‌ಬಾಗಿನ ಗಾಜಿನಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಬಿದ್ದಿತು. 1935ರಲ್ಲಿ ಅದಕ್ಕೆ ಪೂರ್ವದ ತೋಳನ್ನು ಸೇರಿಸಿದಾಗ ಬಳಸಿದುದು ನಮ್ಮ ಭದ್ರಾವತಿಯ ಉಕ್ಕು. ಇದ್ದ ಕಟ್ಟಡಕ್ಕೆ ಹೊಸದನ್ನು ಜೋಡಿಸುವ ವಿದ್ಯೆ ಈ ಊರಿನ ಕಬ್ಬಿಣಕ್ಕೆ ಹೊಸತಲ್ಲವೆಂದು ನಾನು ಮಗನಿಗೆ ಹೇಳಿ ನಕ್ಕೆನು. ಕೊನೆಗೆ ಸತುವು ಲೇಪಿಸಿದ ಕಬ್ಬಿಣದ ಕೊಳವೆಗಳ ಚೌಕಟ್ಟು, ಮೇಲೆ ಬಿಸಿಲು ತಾಳುವ 200 ಮೈಕ್ರಾನ್ ದಪ್ಪದ ಪಾಲಿಥಿನ್ ಹಾಳೆ, ಸುತ್ತಲೂ ಕೀಟ ತಡೆಯುವ ಬಲೆ ಎಂದು ತೀರ್ಮಾನವಾಯಿತು.

ಗೋಡೆ ಸೇರುವ ಸ್ಥಳವೇ ಇಂಥ ಕಟ್ಟಡದ ಮರ್ಮಸ್ಥಾನ. ನಮ್ಮದು ಮಂಗಳೂರು ಹೆಂಚಿನ ಮನೆ. ಸೂರಿನ ನೀರೆಲ್ಲ ಹಾಳೆಯ ಮೇಲೆ ಸುರಿಯದಂತೆ ಸೂರಿಗೆ ತಗಡಿನ ದೋಣಿ ಕಟ್ಟಿಸಿದೆನು. ಹಾಳೆಯ ಮೇಲ್ತುದಿಗೂ ಗೋಡೆಗೂ ನಡುವೆ, ಸೂರಿನ ಮರೆಯಲ್ಲಿ, ಒಂದಡಿ ಎಡೆ ಬಿಟ್ಟು ಅದಕ್ಕೂ ಬಲೆ ಹೊದಿಸಿದ್ದೇವೆ. ಬಿಸಿಗಾಳಿ ಅಲ್ಲಿಂದ ಮೇಲೇರಿ ಹೋಗುತ್ತದೆ. ಗೋಡೆಗೆ ಒತ್ತಿ ಮಣ್ಣನ್ನು ರಾಶಿ ಹಾಕಕೂಡದು. ಹಾಕಿದರೆ ಗೋಡೆಗೆ ತೇವ ಏರುತ್ತದೆ, ತೇವದ ಹಿಂದೆ ಗೆದ್ದಲು, ಗೆದ್ದಲಿನ ಹಿಂದೆ ವಿಷದ ಡಬ್ಬಿ. ಆದುದರಿಂದ ಗೋಡೆಯ ಬದಿಗೆ ಒಂದೂವರೆ ಅಡಿ ಇಟ್ಟಿಗೆಯ ಹಾದಿ ಬಿಟ್ಟು, ಕುಂಡಗಳನ್ನೆಲ್ಲ ಚಪ್ಪಡಿಕಲ್ಲಿನ ಕಟ್ಟೆಯ ಮೇಲಿಟ್ಟಿದ್ದೇವೆ. ಹಾಳೆಯ ಮೇಲೆ ಬಿದ್ದ ನೀರು ತೊಟ್ಟಿಗೆ ಇಳಿಯುತ್ತದೆ. ಒಂದು ಸೆಂಟಿಮೀಟರ್ ಮಳೆಯಾದರೆ ಸುಮಾರು 90 ಲೀಟರ್.

ಇನ್ನು ಬಲೆ. ಅಂಗುಲಕ್ಕೆ 40 ಕಣ್ಣುಗಳಿರುವ ಈ ಬಲೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ನೆನಪಾದುದು ನೀರು ಸೋಸುವ ಬಟ್ಟೆ. ನೀರನ್ನು ಸೋಸುವ ನಾವು ಇಲ್ಲಿ ಗಾಳಿಯನ್ನು ಸೋಸುತ್ತೇವೆ. ಆದರೆ ಸೋಸುವ ವಿಧಿ ಬಟ್ಟೆಗೆ ನೀರು ಹೊಯ್ದಲ್ಲಿಗೆ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಬಂದ ಬಾವಿಗೇ ಮರಳಿ ಬಿಡಬೇಕು. ಬಲೆಗೂ ಅದೇ ನಿಯಮ. ಬಿಳಿನೊಣಗಳು ಬಹುಮಟ್ಟಿಗೆ ಹೊರಗೇ ನಿಲ್ಲುತ್ತವೆ. ಅದಕ್ಕಿಂತ ಸಣ್ಣ ನುಸಿಗಳು ನುಸುಳುತ್ತವೆ, ಬಾಗಿಲು ತೆರೆದಾಗ ನಮ್ಮೊಡನೆಯೇ ಕೆಲವು ಬರುತ್ತವೆ. ಹುಳು ಕಂಡ ಕುಂಡವನ್ನು ಹುಳುವಿನ ಸಹಿತವೇ ಹಿತ್ತಲ ಕೊನೆಯ ನುಗ್ಗೆಮರದ ಬುಡಕ್ಕೆ ಒಯ್ದಿಡುತ್ತೇವೆ. ಆ ಕುಂಡದ ಸೊಪ್ಪು ಅವುಗಳ ಪಾಲು. ಕಳೆದ ಮಳೆಗಾಲದಲ್ಲಿ ನಲವತ್ತು ಕುಂಡಗಳಲ್ಲಿ ಏಳು ಹೀಗೆ ಹೊರಗೆ ಹೋದವು. ವಾಣಿಜ್ಯ ಓದಿದವನಾದುದರಿಂದ ಇದನ್ನು ನಷ್ಟವೆಂದು ಬರೆಯದೆ, ಬಾಡಿಗೆ, ಸಾಗಣೆಗಳಂತೆ ಮುಂಚೆಯೇ ಎಣಿಸಿದ ಖರ್ಚೆಂದು ಬರೆಯುತ್ತೇನೆ. ಹಿರಿಯರ ಪ್ರಶ್ನೆಗೆ ನನ್ನ ನೇರ ಉತ್ತರ ಇದೇ: ಅಷ್ಟು ಬೆಳೆಯನ್ನು ಬಿಡುತ್ತೇವೆ.

ಬಲೆ ಜೇನ್ನೊಣವನ್ನೂ ತಡೆಯುತ್ತದೆಂಬುದನ್ನು ಮರೆಯಬಾರದು. ಸೌತೆ, ಹಾಗಲಗಳು ಒಳಗೆ ಕಾಯಿ ಕಚ್ಚಬೇಕಾದರೆ ನಾವೇ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸಬೇಕು. ಹೀಗಾಗಿ ಅವುಗಳನ್ನು ಹೊರಗೇ ಚಪ್ಪರಕ್ಕೆ ಹಬ್ಬಿಸಿ, ಒಳಗೆ ಹರಿವೆ, ಮೆಂತ್ಯ, ಪಾಲಕ್ ಮಾತ್ರ ಬೆಳೆಯುತ್ತೇವೆ.

ಈ ಸೊಪ್ಪಿನಿಂದಲೇ ಮನೆಯಲ್ಲಿ ಒಂದು ಚರ್ಚೆಯೂ ಹುಟ್ಟಿತು. ನನ್ನ ಧರ್ಮಪತ್ನಿಗೆ ರಕ್ತಹೀನತೆಯಿದೆ. ಸೊಪ್ಪು ಹೆಚ್ಚಾಗಿ ತಿನ್ನಬೇಕೆಂದು ವೈದ್ಯರು ಹೇಳಿದ್ದರು. ಚಾತುರ್ಮಾಸದಲ್ಲಿ ಸೊಪ್ಪು ತಿನ್ನದ ನಿಯಮ ಆಕೆಯದು. ಹಸಿರುಮನೆ ಕಟ್ಟಿಸುವಾಗ ನನ್ನ ಮನಸ್ಸಿನಲ್ಲಿದ್ದುದೂ ಇದೇ. ಮಳೆಗಾಲದ ಸೊಪ್ಪಿನಲ್ಲಿ ತ್ರಸಜೀವಿಗಳಿರುತ್ತವೆಂಬುದು ನಿಯಮಕ್ಕೆ ಕಾರಣ; ಬಲೆಯೊಳಗೆ, ಮಳೆ ತಾಗದೆ ಬೆಳೆದ ಸೊಪ್ಪನ್ನು ಎಲೆಎಲೆಯಾಗಿ ನೋಡಿ ತಿಂದರೆ ಆ ಕಾರಣ ಉಳಿಯುವುದಿಲ್ಲವೆಂದು ನಾನು ವಾದಿಸಿದೆನು. ಆಕೆ ಸಾವಕಾಶವಾಗಿ ಕೇಳಿ, "ನಾನು ನಿಯಮ ತಗೊಂಡದ್ದು ಕಾರಣ ಹೇಳಿ ಅಲ್ಲ. ಸೋಸಿದ ನೀರು ಅಂತ ಕೊಡಗಟ್ಟಲೆ ಚೆಲ್ಲುತ್ತೇವಾ? ಮಕ್ಕಳಿಗೆ ಬಡಿಸಿ, ನನಗೆ ಗುಳಿಗೆ ಸಾಕು" ಎಂದಳು. ತರ್ಕದಲ್ಲಿ ನನ್ನ ಮಾತೇ ಸರಿಯೆಂದು ಈಗಲೂ ನಂಬುತ್ತೇನೆ. ಆದರೂ ಒತ್ತಾಯಿಸಲಿಲ್ಲ. ಆ ನಾಲ್ಕು ತಿಂಗಳು ಕಬ್ಬಿಣಾಂಶದ ಗುಳಿಗೆ, ಉಳಿದ ಎಂಟು ತಿಂಗಳು ಸೊಪ್ಪು ಎಂದು ವೈದ್ಯರೊಡನೆ ಮಾತಾಡಿ ಏರ್ಪಾಡು ಮಾಡಿಕೊಂಡಿದ್ದೇವೆ.

ಹಾಳೆಯನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕು. ಹಳೆಯದನ್ನು ಬೀದಿಗೆಸೆದರೆ ದನಗಳು ತಿಂದು ಸಾಯುತ್ತವೆ. ಅದನ್ನು ಸುತ್ತಿ ಗುಜರಿಗೆ ತಲುಪಿಸುವ ಹೊಣೆ ಕಟ್ಟಿಸಿದವನದೇ.

ಬಸದಿಯ ವಿಷಯದಲ್ಲಿ ನನ್ನ ಸೂಚನೆ ಇಷ್ಟು. ಗರ್ಭಗೃಹದ ಅಥವಾ ನವರಂಗದ ಕಲ್ಲಿನ ಗೋಡೆಗೆ ಇದನ್ನು ಆನಿಸುವುದು ಬೇಡ. ತೇವವು ಹಳೆಯ ಕಲ್ಲಿಗೂ ಗಾರೆಗೂ ಶತ್ರು. ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಬಸದಿಗಳ ಸುತ್ತ 100 ಮೀಟರಿನೊಳಗೆ ಹೊಸ ನಿರ್ಮಾಣವನ್ನು 2010ರ ಕಾಯಿದೆ ತಿದ್ದುಪಡಿಯೇ ನಿಷೇಧಿಸಿತೆಂಬುದನ್ನೂ ಬೇರೆ ಊರುಗಳ ಟ್ರಸ್ಟುಗಳು ಗಮನಿಸಬೇಕು. ನಮ್ಮಲ್ಲಿ ಪಾಕಶಾಲೆಯ ಮೂಡಣ ಗೋಡೆ ಬರಿದಾಗಿದೆ, ಬಾವಿಯೂ ಹತ್ತಿರ. ಹುಳು ಬಿದ್ದ ಕುಂಡಗಳನ್ನಿಡಲು ಹಿತ್ತಲಿನಲ್ಲಿ ಒಂದು ಮೂಲೆಯನ್ನು ಮೊದಲೇ ಗೊತ್ತುಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕೆಂದು ಕೇಳಿಕೊಂಡಿದ್ದೇನೆ. ವೆಲ್ಡಿಂಗಿನವರಿಂದ ಅಂದಾಜುಪಟ್ಟಿ ಬರೆಸಿ ಮುಂದಿನ ಸಭೆಗೆ ತರುವುದಾಗಿ ಹಿರಿಯರಿಗೆ ಮಾತು ಕೊಟ್ಟಿದ್ದೇನೆ.