ನಾಲ್ಕು ಇನ್‌ಪುಟ್, ಹದಿನಾರು ಡಯೋಡ್

ಬೆಂಗಳೂರಿನ ಪೀಣ್ಯದಲ್ಲಿ ಪೈಪು ಕತ್ತರಿಸುವ ಯಾವುದಾದರೂ ಹಳೆಯ ಮಷೀನಿನ ಪ್ಯಾನೆಲ್ ತೆರೆದರೆ 14 ಪಾಯಿಂಟಿನ ಪುಟ್ಟ ಪಿಎಲ್‌ಸಿ (ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್) ಕಂಡೀತು: 8 ಇನ್‌ಪುಟ್, 6 ಔಟ್‌ಪುಟ್. ಸ್ಟಾರ್ಟು, ಸ್ಟಾಪು, ಸೆನ್ಸರುಗಳೆಂದು ನಾಲ್ಕು ಇನ್‌ಪುಟ್ ಆಗಲೇ ಮುಗಿದಿರುತ್ತವೆ. ಎಷ್ಟು ತುಂಡು ಬೇಕೆಂದು ಆಪರೇಟರೇ ತಿರುಗಿಸಿಡಲು ಒಂದು ಥಂಬ್‌ವ್ಹೀಲ್ ಸ್ವಿಚ್ಚು ಬೇಕೆನ್ನುತ್ತಾರೆ ಮಾಲೀಕರು. ನಾಲ್ಕಂಕಿಯ ಸ್ವಿಚ್ಚಿಗೆ, ಅಂಕಿಗೆ 1, 2, 4, 8ರ ನಾಲ್ಕು ತಂತಿಯಂತೆ, 16 ಇನ್‌ಪುಟ್ ಬೇಕು. ಕ್ಯಾಟಲಾಗು ನೋಡಿ ಕೆಲಸ ಮಾಡುವವರು ಕೂಡಲೇ ಎಕ್ಸ್‌ಪಾನ್ಷನ್ ಮಾಡ್ಯೂಲಿಗೆ ಕೊಟೇಶನ್ ಬರೆಯುತ್ತಾರೆ. ಕಸುಬು ಬಲ್ಲವರು ಎಸ್.ಪಿ. ರಸ್ತೆಗೆ ಹೋಗಿ 16 ಡಯೋಡು ತರುತ್ತಾರೆ.

ಈ ಕೌಶಲದ ಸೊಗಸು ಅದರ ವೈರಿಂಗಿನಲ್ಲಿದೆ. ನಾಲ್ಕೂ ಅಂಕಿಗಳ 1ರ ತಂತಿಗಳೆಲ್ಲ ಒಂದು ಇನ್‌ಪುಟ್ಟಿಗೆ, 2ರ ತಂತಿಗಳೆಲ್ಲ ಇನ್ನೊಂದಕ್ಕೆ. 4 ಮತ್ತು 8ರವೂ ಹಾಗೆಯೇ. ಒಂದೊಂದು ಅಂಕಿಯ ಕಾಮನ್ ಒಂದೊಂದು ಔಟ್‌ಪುಟ್ಟಿಗೆ. ಪ್ರೋಗ್ರಾಂ ಒಂದು ಔಟ್‌ಪುಟ್ ಆನ್ ಮಾಡಿ ಆ ಅಂಕಿಯನ್ನಷ್ಟೇ ಓದಿ, ಅದನ್ನು ಆಫ್ ಮಾಡಿ ಮುಂದಿನದಕ್ಕೆ ಹೋಗುತ್ತದೆ. ಡಯೋಡು ಹಾಕದೆ ಮಾಡಿದರೆ ಏನಾಗುತ್ತದೆಂದು ನೋಡಬೇಕು: ಒಂದು ಅಂಕಿ 5ರಲ್ಲಿದ್ದು ಪಕ್ಕದ್ದು 3ರಲ್ಲಿದ್ದರೆ, ಕರೆಂಟು ಪಕ್ಕದ ಸ್ವಿಚ್ಚಿನೊಳಗಿಂದ ಕಳ್ಳದಾರಿ ಹಿಡಿದು ಎರಡನ್ನೂ 7 ಎಂದು ತೋರಿಸುತ್ತದೆ. ಪ್ರತಿ ತಂತಿಗೂ ಒಂದು ಡಯೋಡು ಕೂತರೆ ಆ ದಾರಿ ಬಂದ್. ಔಟ್‌ಪುಟ್ ಮಾತ್ರ ಟ್ರಾನ್ಸಿಸ್ಟರಿನದಾಗಿರಬೇಕು. ರಿಲೇಯಾದರೆ ಹಗಲಿರುಳು ಟಕಟಕ ಬಡಿದುಕೊಂಡು ಬೇಗ ಸವೆಯುತ್ತದೆ. ಇನ್‌ಪುಟ್ಟಿನ ಫಿಲ್ಟರು ಸಾಮಾನ್ಯವಾಗಿ 10 ಮಿಲಿಸೆಕೆಂಡಿನದು. ಔಟ್‌ಪುಟ್ ಆನ್ ಆದೊಡನೆ ಓದಿದರೆ ಹಿಂದಿನ ಅಂಕಿಯೇ ಸಿಗುತ್ತದೆ, ಸ್ವಲ್ಪ ಕಾಯಬೇಕು. ಮಿತ್ಸುಬಿಷಿಯ ಎಫ್‌ಎಕ್ಸ್ ಸರಣಿಯಲ್ಲಿ ಇದಕ್ಕೆಂದೇ ಡಿಎಸ್‌ಡಬ್ಲ್ಯೂ ಎಂಬ ಇನ್‌ಸ್ಟ್ರಕ್ಷನ್ ಸಿದ್ಧವಾಗಿದೆ. ಅದನ್ನು ಬಳಸುವವರು ಕಡಿಮೆಯೆಂಬುದು ಬೇಸರದ ಸಂಗತಿ.

ಟಚ್‌ಸ್ಕ್ರೀನ್ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಹತ್ತಾರು ರೆಸಿಪಿ ಇರುವ ಮಷೀನಿಗೆ ಸರಿ. ಒಂದೇ ಸಂಖ್ಯೆ ಬದಲಿಸಬೇಕಾದ ಕಡೆ, ಕೂಲೆಂಟು ಮೆತ್ತಿದ ಕೈಗೆ ಥಂಬ್‌ವ್ಹೀಲೇ ವಾಸಿ. ಕರೆಂಟು ಹೋದರೂ ಅದರ ಸಂಖ್ಯೆ ಅಲ್ಲೇ ಇರುತ್ತದೆ.

ಅಷ್ಟಕ್ಕೂ ಪಿಎಲ್‌ಸಿ ಹುಟ್ಟಿದ್ದೇ ಖರ್ಚು ಉಳಿಸಲು. ಉತ್ಪಾದನೆ ಬದಲಾದಾಗಲೆಲ್ಲ ರಿಲೇ ಪ್ಯಾನೆಲ್ಲುಗಳ ವೈರಿಂಗ್ ಕಿತ್ತು ಹೊಸದಾಗಿ ಮಾಡಿ ಸಾಕಾಗಿದ್ದ ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ 1968ರಲ್ಲಿ ಬದಲಿ ಉಪಾಯ ಕೇಳಿತು. ಡಿಕ್ ಮಾರ್ಲಿಯವರ ಬೆಡ್‌ಫರ್ಡ್ ಅಸೋಸಿಯೇಟ್ಸ್ ಕೊಟ್ಟ ಉತ್ತರವೇ ಮಾಡಿಕಾನ್ 084. ಅದು ಆ ಸಂಸ್ಥೆಯ 84ನೇ ಪ್ರಾಜೆಕ್ಟು. ಅದೇ ಮಾಡಿಕಾನ್ ಹೆಸರಿನ ಕಂಪನಿ 1979ರಲ್ಲಿ ಹೊರತಂದ ಮಾಡ್‌ಬಸ್ ಎಂಬ ಸಂವಹನ ಪದ್ಧತಿ ಇವತ್ತಿಗೂ ಬಡವರ ಬಂಧು. ಆರ್‌ಎಸ್-485ರ ಎರಡು ತಂತಿ ಎಳೆದರೆ ಅನಲಾಗ್ ಕಾರ್ಡಿಲ್ಲದೆಯೇ ಡ್ರೈವಿನ ವೇಗ ಬದಲಿಸಬಹುದು, ಮೋಟಾರು ಎಷ್ಟು ಆಂಪಿಯರ್ ಎಳೆಯುತ್ತಿದೆಯೆಂದೂ ಓದಬಹುದು. ಎಮರ್ಜೆನ್ಸಿ ಸ್ಟಾಪನ್ನೂ ಅದೇ ದಾರಿಯಲ್ಲಿ ಕಳಿಸಿ ತಂತಿ ಉಳಿಸುವವರನ್ನು ಮಾತ್ರ ಪ್ಯಾನೆಲ್ ಹತ್ತಿರ ಬಿಟ್ಟುಕೊಳ್ಳಬಾರದು. ಅದು ನೇರ ತಂತಿಯಲ್ಲೇ ಕಾಂಟ್ಯಾಕ್ಟರನ್ನು ಬೀಳಿಸಬೇಕು.

ಹೀಗೆ ಇನ್‌ಪುಟ್, ಕಾರ್ಡು, ತಂತಿಗಳಲ್ಲಿ ಉಳಿಸಿದ್ದೆಲ್ಲ ಒಂದು ಪಾಸ್‌ವರ್ಡಿನಿಂದ ನೀರುಪಾಲಾಗುತ್ತದೆ. ಮಷೀನು ಮಾರುವಾಗ ಪ್ರೋಗ್ರಾಮಿಗೆ ಬೀಗ ಜಡಿದು, ಸೋರ್ಸ್ ಫೈಲು ಕೊಡದೆ ಹೋಗುವವರು ಈ ಕಸುಬಿನಲ್ಲಿ ಕಡಿಮೆಯೇನಿಲ್ಲ. ಒಂದು ಟೈಮರನ್ನು 3 ಸೆಕೆಂಡಿನಿಂದ 5ಕ್ಕೆ ಏರಿಸಲು ಸರ್ವಿಸ್ ಚಾರ್ಜು, ಪ್ರಯಾಣ ಭತ್ಯೆ, ಅದರ ಮೇಲೆ ಜಿಎಸ್‌ಟಿ. ಅವರು ಬರುವವರೆಗೆ ಮಷೀನು ನಿಂತಿರುತ್ತದೆ. ಆ ಕಂಪನಿಯೇ ಮುಚ್ಚಿದ್ದರೆ ಮೇಂಟೆನೆನ್ಸ್ ಹುಡುಗ ಒಂದೊಂದು ಸಿಲಿಂಡರಿನ ಚಲನೆ ನೋಡುತ್ತ ಇಡೀ ಲ್ಯಾಡರ್ ಪ್ರೋಗ್ರಾಮನ್ನು ಮೊದಲಿಂದ ಬರೆಯಬೇಕು. ಅವನ ಆ ದಿನಗಳ ಸಂಬಳ ಯಾವ ಕೊಟೇಶನ್ನಿನಲ್ಲೂ ಕಾಣುವುದಿಲ್ಲ. ಇದು ವ್ಯಾಪಾರದ ಗುಟ್ಟು ಕಾಯುವುದಲ್ಲ, ಕೊಂಡವನ ಕೊರಳು ಹಿಡಿಯುವುದು.

ಬೀಗವಿಲ್ಲದಿದ್ದರೂ ಕಷ್ಟ ತಪ್ಪದು. ಹಳೆಯ ಚಿಕ್ಕ ಪಿಎಲ್‌ಸಿಗಳಲ್ಲಿ ಹೆಚ್ಚಿನವು ಕಾಮೆಂಟುಗಳನ್ನು ತಮ್ಮೊಳಗೆ ಇಟ್ಟುಕೊಳ್ಳುವುದಿಲ್ಲ. ಅಪ್‌ಲೋಡ್ ಮಾಡಿದರೆ ಬರುವುದು ಎಕ್ಸ್4, ಎಂ112, ಡಿ200 ಎಂಬ ಬರೀ ವಿಳಾಸಗಳು. ಎಂ112 ಕ್ಲಾಂಪು ಬಿಗಿಯಾಯಿತೆಂದು ಹೇಳುತ್ತಿದೆಯೋ, ಎಣ್ಣೆ ಕಡಿಮೆಯೆಂದೋ? ಬರೆದವನ ಲ್ಯಾಪ್‌ಟಾಪಿಗೇ ಗೊತ್ತು. 1993ರ ಐಇಸಿ 61131-3 ಮಾನದಂಡ ಪ್ರೋಗ್ರಾಮಿಂಗ್ ಭಾಷೆಗಳಿಗೆ ಒಂದು ಶಿಸ್ತು ತಂದರೂ ಈ ಮಾಹಿತಿಯನ್ನು ಯಾರೂ ತಾವಾಗಿ ಒಪ್ಪಿಸುವುದಿಲ್ಲ, ಕೇಳಿಯೇ ಪಡೆಯಬೇಕು. ಡೆಲ್ಟಾದ ಡಬ್ಲ್ಯೂಪಿಎಲ್ ಸಾಫ್ಟ್‌ನಂಥ ತಂತ್ರಾಂಶಗಳು ಪುಕ್ಕಟೆ ಸಿಗುವಾಗ ಫೈಲು ತೆರೆಯಲು ಲೈಸೆನ್ಸಿನ ನೆಪವೂ ಇಲ್ಲ. ಆದ್ದರಿಂದ ಪರ್ಚೇಸ್ ಆರ್ಡರಿನಲ್ಲೇ ಬರೆಸಬೇಕು: ಕಾಮೆಂಟು ಸಮೇತ ಸೋರ್ಸ್ ಫೈಲು, ಪಾಸ್‌ವರ್ಡು, ಐ/ಓ ಪಟ್ಟಿ ಕೈಗೆ ಬಂದು, ಆ ಫೈಲನ್ನು ಕಾರ್ಖಾನೆಯ ಕಂಪ್ಯೂಟರಿನಿಂದಲೇ ಒಮ್ಮೆ ಡೌನ್‌ಲೋಡ್ ಮಾಡಿ ಮಷೀನು ಓಡಿಸಿ ತೋರಿಸಿದ ಮೇಲೆಯೇ ಕೊನೆಯ ಕಂತು.